ಮರದ ಬಾತುಗಳು ತೇಲಿದವು

ಮಾವ,

ಅಮೆರಿಕದ ಮೇಯ್ನ್ ಕರಾವಳಿಯಲ್ಲಿ, ಮುಳುಗು ಹಾಕುವ ಬಾತುಕೋಳಿಗಳ ಬೇಟೆಗೆ ಜನರನ್ನು ಕರೆದೊಯ್ಯುವ ದೋಣಿಯಲ್ಲಿ ನನಗೆ ಕೆಲಸ ಸಿಕ್ಕಿದೆ. ಹಕ್ಕಿಗಳನ್ನು ಸೆಳೆಯಲು ಸಮುದ್ರದ ಮೇಲೆ ಮರದ ಬಾತುಗಳನ್ನು ತೇಲಿಬಿಡುತ್ತಾರೆ. ಈ ಸಲದ ಹನ್ನೆರಡನ್ನೂ ನಾನೇ ಕೆತ್ತಿದೆ. ದೋಣಿಯ ಯಜಮಾನ ನೋಡಿ ಮೂಗು ಮುರಿದಿದ್ದ. ನಿನ್ನೆ ಬೆಳಿಗ್ಗೆ ಹಿಂಡೊಂದು ನೇರವಾಗಿ ಅವುಗಳ ನಡುವೆಯೇ ಇಳಿಯಿತು! ಒಂದು ಗಂಡು ಬಾತು ನನ್ನ ಮರದ ಹೆಣ್ಣಿನ ಮುಂದೆ ಕತ್ತು ಕೊಂಕಿಸಿ ಕುಣಿಯತೊಡಗಿದಾಗ ಬೇಟೆಗಾರರು ಕೋವಿ ಕೆಳಗಿಟ್ಟು ನಕ್ಕುಬಿಟ್ಟರು.

"ಯಾರು ಕಲಿಸಿದ್ದು?" ಎಂದು ಯಜಮಾನ ಕೇಳಿದ.

"ನಮ್ಮ ಮಾವ. ಹಲಸೂರಲ್ಲಿ ಅವರು ಕೆತ್ತಿರೋ ಬಾಗಿಲು ನೋಡ್ಬೇಕು ನೀವು!" ಎಂದೆ.

ಚಳಿಗೆ ಬೆರಳು ಒಡೆದಿವೆ, ಅತ್ತೆಗೆ ಹೇಳಬೇಡಿ. ಬಾತಿನ ಅಡಿಯಲ್ಲಿ ಕೆತ್ತಿದವರ ಹೆಸರು ಹಾಕುವುದು ಇಲ್ಲಿಯ ರೂಢಿ. ಹನ್ನೆರಡಕ್ಕೂ ಕನ್ನಡದಲ್ಲಿ ನಿಮ್ಮ ಹೆಸರು ಹಾಕಿದ್ದೇನೆ.

ದೋಣಿ ಹೊರಟಿತು,
ಮೋನಿಷಾ