ಅತ್ತೆ ಹತ್ತಿರ, ಅಕ್ಕ ನಡುವೆ

ಸೆ. 2, ಸೋಮವಾರ. ಬೆಳಿಗ್ಗೆ 6.10

ಕುತ್ತಿಗೆ ವ್ಯಾಯಾಮ ಮೂವತ್ತು. ಗೋಡೆಗೆ ಚೆಂಡೆಸೆತ ನೂರು. ಸೀಮೆಸುಣ್ಣದ ಗುರುತಿಗೆ ತಗುಲಿದ್ದು ಎಪ್ಪತ್ತೊಂದು. ಕೆಳಗಿನಿಂದ ಅಕ್ಕ ಕೂಗಿದಳು — "ಗೋಡೆ ಬಿದ್ರೆ ನೀನೇ ನಿಂತು ಕಟ್ಬೇಕು, ನೋಡ್ಕೋ!" ಅವಳ ಮನೆ, ಅವಳ ಗೋಡೆ. ಮಹಡಿಯ ಒಂದು ರೂಮು ಮಾತ್ರ ನನ್ನದು.

ಶನಿವಾರ ಕ್ವಾರ್ಟರ್ ಫೈನಲ್. ದೇಶಕ್ಕೆಲ್ಲ ಸೇರಿ ನಾಲ್ಕು ಡಿವಿಷನ್. ನಾವು ಒಂಬತ್ತು ವರ್ಷದಿಂದ ಮೂರನೆಯದರಲ್ಲೇ ಕೊಳೆಯುತ್ತಿದ್ದೇವೆ. ಫೈನಲ್ ಗೆದ್ದವರೊಬ್ಬರೇ ಮೇಲಕ್ಕೆ. ಭಾವನಿಗೆ ಮೂವತ್ತೆಂಟಾಯಿತು, ಇದೇ ಕೊನೆಯ ಸೀಸನ್ ಎಂದು ಅಕ್ಕನಿಗೆ ಮಾತು ಕೊಟ್ಟಿದ್ದಾರೆ. ದಿನವೆಲ್ಲ ಫ್ರಿಜ್ ರಿಪೇರಿ ಮಾಡಿ, ಸಂಜೆ ಕ್ಯಾಪ್ಟನ್. ಅವರನ್ನು ಎರಡನೇ ಡಿವಿಷನ್ನಿಗೆ ಕರೆದುಕೊಂಡು ಹೋಗಿಯೇ ಮನೆಗೆ ಕಳಿಸಬೇಕು. ನನಗೆ ರಗ್ಬಿ ಕಲಿಸಿದವರೇ ಅವರು.

ಮೇಷ್ಟ್ರು ಲೈನ್‌ಔಟಿನ ಗುಟ್ಟು ಬದಲಾಯಿಸಿದ್ದಾರೆ. ಶಾಲೆಯಲ್ಲಿ ಭೂಗೋಳ ಕಲಿಸಿ ಬಂದು ನಮಗೆ ಕೋಚಿಂಗ್ ಮಾಡುವ ಪುಣ್ಯಾತ್ಮ. ಚೆಂಡು ಗೆರೆಯಾಚೆ ಹೋದಾಗ ಒಳಕ್ಕೆ ಎಸೆಯುವವನು ನಾನು, ಹುಕರ್. ಸಾಲಿನಲ್ಲಿ ಯಾರಿಗೆ ಎಸೆಯಬೇಕೆಂದು ಭಾವ ಕೂಗುತ್ತಾರೆ. ಇಷ್ಟು ದಿನ ನಂಬರ್ ಇತ್ತು. ಎದುರಾಳಿಗಿಂತ ನಮಗೇ ಗೊಂದಲ. ಈಗ ನೆಂಟರು. "ಅತ್ತೆ ಅಂದ್ರೆ ಹತ್ತಿರ, ಅಕ್ಕ ಅಂದ್ರೆ ನಡುವೆ, ನಾದಿನಿ ಅಂದ್ರೆ ದೂರ. ಇನ್ನು ಜನ್ಮದಲ್ಲಿ ಮರೆಯಲ್ಲ ಬಿಡಿ." ನನಗೆ ಮದುವೆಯೇ ಆಗಿಲ್ಲ, ನಾದಿನಿ ಎಲ್ಲಿಂದ ಬರಬೇಕು!

ಅಕ್ಕನಿಗೆ ಹೇಳಿದರೆ ಬಿದ್ದು ಬಿದ್ದು ನಕ್ಕಳು. "ಕಟ್ಕೊಂಡ ಹೆಂಡ್ತಿ ಪಕ್ಕದಲ್ಲೇ ನಿಂತಿರ್ತಾಳೆ, ಅಕ್ಕಾ ಅಂತ ಕೂಗ್ತಾರಂತೆ!" ನಿಂತಿರುತ್ತಾಳೆ ನಿಜ. ಅವಳು ನರ್ಸ್. ಪ್ರತಿ ಪಂದ್ಯಕ್ಕೂ ಕೆಂಪು ಬ್ಯಾಗ್ ಹಿಡಿದು ಗೆರೆಯ ಪಕ್ಕ ಹಾಜರು.

ಪ್ರಿಂಟಿಂಗ್ ಪ್ರೆಸ್ಸಿಗೆ ಹೊತ್ತಾಯಿತು.

ಸೆ. 7, ಶನಿವಾರ. ಸಂಜೆ 5.00

ಗೆದ್ದೆವು. 22–18. ಸೆಮಿಫೈನಲ್!

ಎಡಗಿವಿಯ ಮೇಲೆ ಯಾರದೋ ಮೊಣಕಾಲು. ಏನಿಲ್ಲ. ತಲೆ ಸ್ವಲ್ಪ ಭಾರ.

ಸೆ. 8, ಭಾನುವಾರ. 11.00

ಸುಳ್ಳು ಬರೆದಿದ್ದೇನೆ. ಯಾರು ಓದುತ್ತಾರೆಂದು ಸುಳ್ಳು?

ಏಟು ಬಿದ್ದ ಮೇಲಿನ ಆಟ ಏನೂ ನೆನಪಿಲ್ಲ. ಬೆಳಕು ಕಣ್ಣಿಗೆ ಚುಚ್ಚುತ್ತದೆ. ಅಕ್ಕ ಎದುರು ಮಂಡಿಯೂರಿ ಕೂತದ್ದು ನೆನಪಿದೆ. ಅವಳ ಕಾರ್ಡಿನ ಪ್ರಶ್ನೆಗಳು, ತಲೆಗೆ ಏಟು ಬಿದ್ದವರಿಗೆ ಕೇಳುವಂಥವು. "ಇದು ಯಾವ ಹಾಫು?" ನನಗೆ ಗೊತ್ತಿರಲಿಲ್ಲ. ನಿಜವಾಗಿ ಗೊತ್ತಿರಲಿಲ್ಲ. ಅವಳ ಹೆಗಲ ಹಿಂದೆ ಭಾವ ನಿಂತಿದ್ದರು. ಎದೆಯ ಹತ್ತಿರ ಎರಡು ಬೆರಳು.

"ಎರಡನೇದು" ಅಂದೆ. "ಕೊನೇ ಟ್ರೈ ಯಾರದು?" ಚೆಂಡನ್ನು ಅವರ ಗೆರೆಯಾಚೆ ಕೊನೆಗೆ ನೆಲಕ್ಕೊತ್ತಿದವರು ಯಾರೋ. ಭಾವ ತಮ್ಮ ಎದೆ ಮುಟ್ಟಿಕೊಂಡರು. "ಭಾವಂದು."

ಅಕ್ಕ ಕಾರ್ಡ್ ಮಡಚಿ ಕೆನ್ನೆ ತಟ್ಟಿದಳು. "ಹೋಗು, ಆಡು."

ತಲೆಗೆ ಏಟು ಎಂದು ಅವಳು ಬರೆದರೆ ಒಂದು ತಿಂಗಳು ಮೈದಾನಕ್ಕೆ ಕಾಲಿಡುವ ಹಾಗಿಲ್ಲ. ಫೈನಲ್ ಇಪ್ಪತ್ತೆಂಟಕ್ಕೆ. ಬದಲಿ ಹುಕರ್ ಬಸ್ ಡ್ರೈವರ್. ಭುಜ ಜಾರಿ ಮನೆಯಲ್ಲಿ ಕೂತಿದ್ದಾನೆ. ತರಬೇತಾದ ಹುಕರ್ ಇಲ್ಲದಿದ್ದರೆ ಸ್ಕ್ರಮ್ಮಿನಲ್ಲಿ, ಎಂಟೆಂಟು ಜನ ಭುಜಕ್ಕೆ ಭುಜ ಕೊಟ್ಟು ನೂಕಾಡುವಲ್ಲಿ, ತಳ್ಳುವಂತಿಲ್ಲ, ಸುಮ್ಮನೆ ಒರಗಿ ನಿಲ್ಲಬೇಕು, ಅದು ರೂಲು. ನಮಗೆ ಓಡುವ ಕಾಲಿಲ್ಲ. ಇರುವುದು ತಳ್ಳುವ ಬೆನ್ನು ಒಂದೇ. ನಾನಿಲ್ಲದಿದ್ದರೆ ಎಂಟು ಜನರ ಬೆನ್ನೂ ದಂಡ.

ಭಾವ ಮಾಡಿದ್ದು ತಪ್ಪಲ್ಲ. ಹೀಗೆ ಬರೆದು ಎರಡು ಸಲ ಓದಿದೆ.

ಸೆ. 12, ಗುರುವಾರ. ಮಧ್ಯಾಹ್ನ, ಊಟದ ಬಿಡುವು

ಊಟದ ಮೇಜಿನ ಮುಂದೆ ಟೋಪಿ ಹಾಕಿಕೊಂಡೇ ಕೂರುತ್ತೇನೆ, ಬಲ್ಬಿನ ಬೆಳಕು ತಡೆಯದೆ. ನಿನ್ನೆ ಅಕ್ಕ ಕೇಳಿಯೇಬಿಟ್ಟಳು. "ಏನೋ, ಮುಖ ಹೀಗೆ ಬಿದ್ದೋಗಿದೆ?"

"ಪ್ರಾಕ್ಟೀಸ್ ಜಾಸ್ತಿ ಆಯ್ತು ಅವ್ನಿಗೆ" ಭಾವ ತಟ್ಟೆ ನೋಡಿಕೊಂಡೇ ಹೇಳಿದರು.

"ನಿಮ್ಮನ್ನ ಕೇಳಿದ್ನಾ?"

ಇಬ್ಬರೂ ಬೇಗ ಬೇಗ ಉಂಡು ಎದ್ದೆವು. ಅಮ್ಮ ಹೋದ ಮೇಲೆ ನನ್ನ ಜ್ವರ ಕೈಯಿಂದ ಮುಟ್ಟಿ ನೋಡುವವಳು ಇವಳೊಬ್ಬಳು. ಇವಳ ಕಣ್ಣಿಗೇ ಮಣ್ಣೆರಚುತ್ತಿದ್ದೇನೆ.

ಸೆ. 21, ಶನಿವಾರ. ಸಂಜೆ 6.15

ಸೆಮಿಫೈನಲ್ ಗೆದ್ದೆವು. 13–9. ಸ್ಕ್ರಮ್ಮಿನಲ್ಲಿ ಅವರನ್ನು ಗಾಡಿ ತಳ್ಳಿದ ಹಾಗೆ ತಳ್ಳಿದೆವು. ಒಂದು ಟ್ರೈ ಪೂರ್ತಿ ನಮ್ಮ ಬೆನ್ನಿನದೇ. ಮೇಷ್ಟ್ರು ಅತ್ತರು. ಭಾವ ನನ್ನನ್ನು ಎತ್ತಿಕೊಂಡು ಸುತ್ತಿದರು. ಇಳಿಸಿದ ಮೇಲೂ ಮೈದಾನ ಸುತ್ತುತ್ತಲೇ ಇತ್ತು. ಬಚ್ಚಲಿಗೆ ಹೋಗಿ ನಲ್ಲಿ ಜೋರಾಗಿ ಬಿಟ್ಟು ವಾಂತಿ ಮಾಡಿದೆ.

ಇನ್ನೊಂದೇ ಪಂದ್ಯ. ಏಳೇ ದಿನ.

ಸೆ. 23, ಸೋಮವಾರ. ಮಧ್ಯಾಹ್ನ 1.20

ಮಾತ್ರೆ ಡಬ್ಬಿಯ ಲೇಬಲ್ ಎರಡು ಸಾವಿರ ಹಾಳು. ಕಟಿಂಗ್ ಮೆಷಿನ್ನಿಗೆ ಅಳತೆ ಕೊಟ್ಟದ್ದು ನಾನೇ, ಬ್ಲೇಡ್ ಇಳಿಸಿದ್ದು ನಾನೇ. ಮಾತ್ರೆಯ ಹೆಸರಿನ ಮೊದಲ ಅಕ್ಷರವೇ ಇಲ್ಲ. ಹನ್ನೊಂದು ವರ್ಷದಲ್ಲಿ ಒಂದು ಹಾಳೆಯೂ ಹೀಗೆ ಆಗಿರಲಿಲ್ಲ.

ಫೋರ್‌ಮನ್ ಬೈಯಲಿಲ್ಲ. ಅದೇ ಹೆದರಿಕೆ. ನನ್ನ ಕೈ ಹಿಡಿದು ಬೆರಳು ಎಣಿಸಿದರು. "ಹತ್ತೂ ಇವೆಯಲ್ಲಪ್ಪ, ಸದ್ಯ. ಬ್ಲೇಡ್ ಮುಂದೆ ನಿಂತ್ಕೊಂಡು ಎಲ್ಲಿಗೆ ಹೋಗಿದ್ದೆ ನೀನು?"

ಎಲ್ಲಿಗೆ ಹೋಗಿದ್ದೆ? ಗೊತ್ತಿದ್ದರೆ ಹೇಳುತ್ತಿದ್ದೆ.

ಸೆ. 25, ಬುಧವಾರ. ಬೆಳಿಗ್ಗೆ 6.30

ಕುತ್ತಿಗೆ ವ್ಯಾಯಾಮ ಬೇಡ ಅನ್ನಿಸಿತು. ಗೋಡೆಗೆ ನೂರು. ತಗುಲಿದ್ದು ಮೂವತ್ತೆಂಟು. ಇವತ್ತು ಅಕ್ಕನಿಗೆ ಹೇಳಿಬಿಡಬೇಕು.

ಸೆ. 25, ಬುಧವಾರ. ಬೆಳಿಗ್ಗೆ 7.00

ಗೋಡೆಗೆ ನೂರು ಎಸೆದೆ. ತಗುಲಿದ್ದು ಮೂವತ್ತೆಂಟು. ಅಕ್ಕನಿಗೆ ಹೇಳಿ—

ಈಗಷ್ಟೇ ಮೇಲಿನ ಸಾಲು ಕಣ್ಣಿಗೆ ಬಿತ್ತು. ಇದನ್ನೇ ಬರೆದಿದ್ದೇನೆ. ನನ್ನದೇ ಕೈಬರಹ. ಅರ್ಧ ಗಂಟೆಯ ಹಿಂದೆ.

ಹೆದರಿಕೆಯಾಗಿದೆ. ಆಯಿತು, ಬರೆದೆ: ನನಗೆ ಹೆದರಿಕೆಯಾಗಿದೆ.

ಕೆಳಗೆ ಹೋದೆ. ಅಕ್ಕ ಯೂನಿಫಾರ್ಮಿಗೆ ಇಸ್ತ್ರಿ ಹಾಕುತ್ತಿದ್ದಳು. ಪಕ್ಕದಲ್ಲಿ ಭಾವನ ಜೆರ್ಸಿ, ಅದನ್ನೂ ಒತ್ತಿ ಇಟ್ಟಿದ್ದಳು. ಜೆರ್ಸಿಗೆ ಯಾರಾದರೂ ಇಸ್ತ್ರಿ ಹಾಕುತ್ತಾರೆಯೇ? "ಕೊನೇ ಸಲ ಅಲ್ವಾ, ಮದುಮಗನ ಥರ ಹೋಗ್ಲಿ" ಅಂದಳು.

ಹೇಳದೆ ವಾಪಸ್ ಬಂದೆ.

ಸೆ. 28, ಶನಿವಾರ. ಬೆಳಿಗ್ಗೆ 9.40, ಡ್ರೆಸ್ಸಿಂಗ್ ರೂಮು

ನಾಲ್ಕೂ ಡಿವಿಷನ್ ಫೈನಲ್ ಇವತ್ತೇ, ಇದೇ ಮೈದಾನದಲ್ಲಿ. ಬೆಳಿಗ್ಗೆ ನಾಲ್ಕನೆಯದು, ಕೊನೆಗೆ ಒಂದನೆಯದು. ನಮ್ಮದು ಹನ್ನೊಂದೂವರೆಗೆ. ಹೊರಗಿನ ಗದ್ದಲ ತಲೆಯೊಳಗೇ ಆಗುತ್ತಿರುವಂತಿದೆ.

ಬೆಳಿಗ್ಗೆ ಭಾವ ರೂಮಿಗೆ ಹತ್ತಿ ಬಂದಿದ್ದರು. ಕೂರಲಿಲ್ಲ. "ನಿಜ ಹೇಳು. ಆಗುತ್ತಾ?"

"ಆಗುತ್ತೆ ಭಾವ."

"ಆಗಲ್ಲ ಅಂದ್ರೆ ಈಗ್ಲೇ ಹೇಳಿಬಿಡಪ್ಪ."

"ಏನೂ ಇಲ್ಲ. ನೀವು ನಡೀರಿ."

ಅವರಿಗೆ ಬೇಕಾಗಿದ್ದ ಉತ್ತರ ಅದು. ಕೊಟ್ಟೆ. ಮೆಟ್ಟಿಲಿಳಿಯುವಾಗ ಒಮ್ಮೆ ನಿಂತರು, ತಿರುಗಲಿಲ್ಲ.

ಮಣಿಕಟ್ಟಿನ ಟೇಪಿನ ಮೇಲೆ ಗುಟ್ಟು ಬರೆದುಕೊಂಡೆ. ಮೊದಲಕ್ಷರ ಸಾಕೆಂದುಕೊಂಡರೆ ಅತ್ತೆಗೂ ಅ, ಅಕ್ಕನಿಗೂ ಅ. ಪೂರ್ತಿ ಬರೆದೆ. ಇದುವರೆಗೆ ಬರೆದುಕೊಂಡವನಲ್ಲ.

ಇನ್ನು ಎಂಬತ್ತೇ ನಿಮಿಷ. ದೇವರೇ, ಎಂಬತ್ತು ನಿಮಿಷ ಈ ತಲೆ ನಿಲ್ಲಲಿ.

ಅ. 9, ಬುಧವಾರ. ಬೆಳಿಗ್ಗೆ 10.00

ದಿನಕ್ಕೆ ಹತ್ತು ನಿಮಿಷ ಬರೆಯಬಹುದು ಎಂದಿದ್ದಾರೆ ಡಾಕ್ಟರು. ಅಕ್ಕ ಅಡುಗೆಮನೆಯ ಟೈಮರ್ ತಂದು ಮೇಜಿನ ಮೇಲಿಟ್ಟಿದ್ದಾಳೆ.

ತಲೆಯೊಳಗೆ ಸಣ್ಣಗೆ ರಕ್ತ ಜಿನುಗಿತ್ತಂತೆ. ಈಗ ನಿಂತಿದೆ. ಇನ್ನು ರಗ್ಬಿ ಇಲ್ಲ. ಈ ಸೀಸನ್ ಅಂತಲ್ಲ, ಇನ್ನೆಂದೂ.

ಫೈನಲಿನಲ್ಲಿ ನನಗೆ ನೆನಪಿರುವುದು ಒಂದೇ ತುಣುಕು. ಮಿಕ್ಕದ್ದು ಬಸ್ ಡ್ರೈವರ್ ಬಂದು ಹೇಳಿದ್ದು. ನಾವು 16–14 ಮುಂದಿದ್ದೆವು. ಆರು ನಿಮಿಷ ಉಳಿದಿತ್ತು. ಲೈನ್‌ಔಟ್ ನಮ್ಮದು. ಎರಡೂ ಸಾಲು ನಿಂತಾಗಿತ್ತು. ಚೆಂಡು ನನ್ನ ಕೈಯಲ್ಲಿ.

ಇಲ್ಲಿಂದ ನನ್ನ ನೆನಪು. ಭಾವ "ಅಕ್ಕಾ! ಅಕ್ಕಾ!" ಎಂದು ಕೂಗುತ್ತಿದ್ದಾರೆ. ಅಕ್ಕನಿಗೆ ಏನಾಯಿತು? ಯಾಕಿಷ್ಟು ಕೂಗುತ್ತಿದ್ದಾರೆ? ತಿರುಗಿ ನೋಡಿದೆ. ಅಲ್ಲೇ ಇದ್ದಳು, ಕೆಂಪು ಬ್ಯಾಗ್ ಹಿಡಿದು, ನಾಲ್ಕು ಹೆಜ್ಜೆ ದೂರದಲ್ಲಿ. ಚೆಂಡು ಹಿಡಿದುಕೊಂಡೇ ಅವಳ ಹತ್ತಿರ ನಡೆದು ಹೋದೆ.

"ಅಕ್ಕಾ, ಭಾವ ಕರೀತಿದ್ದಾರೆ ನೋಡು."

ಅವರ ಸಾಲಿನಲ್ಲಿ ಯಾರೋ ನಕ್ಕರು. ನಮ್ಮವರೂ ಒಬ್ಬಿಬ್ಬರು. ಅಕ್ಕ ನಗಲಿಲ್ಲ. ಚೆಂಡನ್ನು ನನ್ನ ಕೈಯಿಂದ ಮೆಲ್ಲಗೆ ಬಿಡಿಸಿಕೊಂಡಳು—

ಟೈಮರ್.

ಅ. 10, ಗುರುವಾರ. ಬೆಳಿಗ್ಗೆ 10.00

ನಿನ್ನೆಯದನ್ನು ಮುಗಿಸಬೇಕು. ನನ್ನನ್ನು ಹುಲ್ಲಿನ ಮೇಲೆ ಕೂರಿಸಿದಳು. ಕಾರ್ಡ್ ತೆಗೆಯಲಿಲ್ಲ. "ಕಂದಾ, ಇದು ಯಾವ ಹಾಫು?"

ಅವಳ ಹೆಗಲ ಹಿಂದೆ ಭಾವ ಬಂದು ನಿಂತರು. ನಾನು ಅವರ ಕೈಯನ್ನೇ ನೋಡಿದೆ. ಕಾದೆ. ಕೈ ಎರಡೂ ಕೆಳಗೇ ಇದ್ದವು. ಒಂದು ಬೆರಳೂ ಏಳಲಿಲ್ಲ.

"ಮೊದಲನೇದು" ಅಂದೆ.

ನಾನು ಎಲ್ಲಿ ನೋಡುತ್ತಿದ್ದೆನೆಂದು ಅಕ್ಕ ಹಿಂದೆ ತಿರುಗಿ ನೋಡಿದಳು. ಗಂಡನ ಮುಖ ನೋಡಿದಳು. ಅಷ್ಟಕ್ಕೇ ಎಲ್ಲ ತಿಳಿಯಿತು ಅವಳಿಗೆ. ಆಮೇಲೆ ಕೈ ಎತ್ತಿ ರೆಫರಿಯನ್ನು ಕರೆದಳು.

ನಾನು ಹೊರಬಿದ್ದ ಮೇಲೆ ಸ್ಕ್ರಮ್ಮಿನಲ್ಲಿ ತಳ್ಳುವುದು ನಿಂತಿತು. ಕೊನೆಯ ನಿಮಿಷದಲ್ಲಿ ಅವರು ಪೆನಾಲ್ಟಿ ಒದ್ದರು. 16–17. ಒಂದು ಪಾಯಿಂಟು.

ಅ. 14, ಸೋಮವಾರ. ಬೆಳಿಗ್ಗೆ 9.30

ಕೆಳಗೆ ಮಾತಿಲ್ಲ. ಹದಿನಾರು ದಿನವಾಯಿತು. ಅಕ್ಕ ತಟ್ಟೆ ಇಡುತ್ತಾಳೆ, ಭಾವ ಉಣ್ಣುತ್ತಾರೆ. ಜೆರ್ಸಿ ಒಗೆಯದೆ ಬಕೆಟಿನಲ್ಲೇ ಇತ್ತು. ನಾನು ಹಿಂಡಿ ಹರವಿದೆ. ಬಗ್ಗಿದರೆ ತಲೆ ತಿರುಗುತ್ತದೆ, ಆದರೂ.

ಅಕ್ಕನಿಗೆ ಹೇಳಿದೆ, "ಭಾವ ಒಬ್ರದೇ ತಪ್ಪಲ್ಲ ಕಣೇ. ನಾನೂ ಸುಳ್ಳು ಹೇಳ್ದೆ."

"ಗೊತ್ತು. ನಿಂಗೆ ತಲೆಗೆ ಏಟು ಬಿದ್ದಿತ್ತು. ಅವ್ರಿಗೇನಾಗಿತ್ತು?"

ಅ. 19, ಶನಿವಾರ. ಸಂಜೆ 4.30

ಭಾವ ಹತ್ತಿ ಬಂದರು. ಈ ಸಲ ಕೂತರು.

"ಅವತ್ತು ನಾನು ಬೆರಳು ತೋರಿಸ್ಬಾರ್ದಿತ್ತು ಕಣಪ್ಪ."

"ಕೊನೇಲಿ ತೋರಿಸ್ಲಿಲ್ಲವಲ್ಲ ಭಾವ."

ಇಷ್ಟು ದೊಡ್ಡ ದೇಹ, ತಲೆ ಬಗ್ಗಿಸಿ ಅತ್ತುಬಿಟ್ಟಿತು. ನನಗೂ ತಡೆಯಲಾಗಲಿಲ್ಲ. ಬಾಗಿಲಲ್ಲಿ ಅಕ್ಕ ನಿಂತಿದ್ದಳು, ಎಷ್ಟು ಹೊತ್ತಿನಿಂದಲೋ. ಒಳಗೆ ಬರಲಿಲ್ಲ. "ಕಾಫಿ ಆರ್ತಾ ಇದೆ, ಇಬ್ರೂ ಬನ್ನಿ" ಅಂದು ಇಳಿದಳು. ಇಬ್ರೂ ಅಂದಳು.

ಹೊಸ ಹುಕರ್ ಸಿಕ್ಕಿದ್ದಾನಂತೆ, ಟೈಲ್ಸ್ ಹಾಕುವವನು. ಒಳ್ಳೆಯ ಕುತ್ತಿಗೆಯಂತೆ. "ಲೈನ್‌ಔಟಿಂದು ನೀನೇ ಬರ್ಕೊಡು ಅವ್ನಿಗೆ" ಎಂದು ಭಾವ ಹೇಳಿ ಹೋದರು. ನನಗೂ ಒಂದು ಕೆಲಸ ಸಿಕ್ಕಿದ್ದಕ್ಕೆ ಖುಷಿಯಾಯಿತು.

ಅ. 20, ಭಾನುವಾರ. ಬೆಳಿಗ್ಗೆ 10.00

ಟೈಮರ್ ತಿರುಗಿಸಿದ್ದೇನೆ. ಮೊದಲು ಇಲ್ಲಿ ಬರೆದು ನೋಡಿ, ಆಮೇಲೆ ಒಳ್ಳೆಯ ಹಾಳೆಗೆ ಇಳಿಸುತ್ತೇನೆ.

ಅತ್ತೆ ಅಂದರೆ ಹತ್ತಿರ.

ಅಕ್ಕ ಅಂದರೆ ನಡುವೆ.

ದೂರಕ್ಕೆ

ದೂರಕ್ಕೆ ಒಬ್ಬಳಿದ್ದಳು. ನನಗಿಲ್ಲದವಳು. ಅದೇ ತಮಾಷೆಯಾಗಿತ್ತು.

ಮೊದಲ ಪುಟದಲ್ಲೇ ಇರಬೇಕು. ತಿರುವಿ ನೋಡಬಾರದು. ಇನ್ನೂ ಏಳು ನಿಮಿಷ ಇದೆ. ಅತ್ತೆ ಹತ್ತಿರ, ಅಕ್ಕ ನಡುವೆ,