ಊಟ ರೆಡಿ ಎಂಬ ಸುಳ್ಳು

ಅಮ್ಮಾ,

ಈ ಕಾಗದ ಹಾಕಲು ಈಗ ನಿನಗೊಂದು ವಿಳಾಸವಿಲ್ಲ. ಆದರೂ ಹೇಳದಿದ್ದರೆ ತಿಂದದ್ದು ಅರಗುವುದಿಲ್ಲ. ನಿನ್ನ ಹಳೇ ಸುಳ್ಳನ್ನು ಇವತ್ತು ನಾನೂ ಹೇಳಿ ಸಿಕ್ಕಿಬಿದ್ದೆ.

ಅನ್ನ, ಬೇಳೆ, ಹುರಿದ ಆಲೂಗಡ್ಡೆ, ಮೂರೂ ಒಟ್ಟಿಗೆ ಬಿಸಿಬಿಸಿಯಾಗಿ ಮೇಜಿಗೆ ಬರಬೇಕೆಂದು ಒಲೆಯ ಮುಂದೆ ಕುಣಿಯುತ್ತಿದ್ದೆ. ಒಂದು ಬೇಯುವಷ್ಟರಲ್ಲಿ ಇನ್ನೊಂದು ಆರುತ್ತಿತ್ತು. ನೀನು ಹೇಗೆ ನಿಭಾಯಿಸುತ್ತಿದ್ದೆ ಎಂದು ಚಿಕ್ಕಮ್ಮನಿಗೆ ಫೋನ್ ಮಾಡಿ ಕೇಳಿದರೆ ಅವಳು ಬಿದ್ದು ಬಿದ್ದು ನಕ್ಕಳು.

"ಅಯ್ಯೋ ದಡ್ಡ, ನಿಮ್ಮಮ್ಮ 'ಊಟ ರೆಡಿ, ಬನ್ರೋ' ಅಂತ ಕೂಗೋವಾಗ ಬೇಳೆ ಇನ್ನೂ ಬೆಂದೇ ಇರ್ತಿರ್ಲಿಲ್ಲ ಕಣೋ. ನೀವು ಎದ್ದು ಬರೋಷ್ಟರಲ್ಲಿ ಎಲ್ಲಾ ಆಗಿರ್ತಿತ್ತು."

ಸರಿ, ನಾನೂ ಬೇಳೆ ಬೇಯುವ ಮೊದಲೇ ಕೂಗಿದೆ. ಆದರೆ ಅಪ್ಪ ಏನು ಸುಟ್ಟಿದ್ದಾನೋ ನೋಡೋಣವೆಂದು ಮಕ್ಕಳಿಬ್ಬರೂ, ಹಿಂದೆಯೇ ಅವರಮ್ಮನೂ, ಎದ್ದೆನೋ ಬಿದ್ದೆನೋ ಎಂದು ಓಡಿ ಬಂದು ಕೂತುಬಿಟ್ಟರು!

"ಎಲ್ಲಪ್ಪಾ ಊಟ?" ಎಂದು ಚಿಕ್ಕವಳು ಖಾಲಿ ತಟ್ಟೆ ಬಡಿದಳು. ನಾನು ಬೆಪ್ಪನಂತೆ ಸೌಟು ಹಿಡಿದು ನಿಂತೆ. ಕೊನೆಗೆ ಎಲ್ಲರೂ ಅಡುಗೆಮನೆಗೇ ನುಗ್ಗಿದರು. ಮಗ ಆಲೂಗಡ್ಡೆ ತಿರುವಿದ, ಇವಳು ಉಪ್ಪು ನೋಡಿದಳು, ಚಿಕ್ಕವಳು ಎಲ್ಲರಿಗೂ ಅಡ್ಡ ಬಂದಳು. ಮೂರೂ ಒಟ್ಟಿಗೇ ಆದವಮ್ಮ! ಒಲೆಯ ಪಕ್ಕ ನಿಂತುಕೊಂಡೇ ಉಂಡೆವು.

ಪಾತ್ರೆ ತೊಳೆಯುವಾಗಲೂ ನನಗೆ ನಗು ತಡೆಯಲಾಗಲಿಲ್ಲ. ಅಷ್ಟು ವರ್ಷ ಕೂಗಿದರೂ ನೀನು ಮಾತ್ರ ಒಮ್ಮೆಯೂ ಸಿಕ್ಕಿಬೀಳಲಿಲ್ಲ ನೋಡು. ಕರೆದ ಕೂಡಲೇ ನಮ್ಮಲ್ಲಿ ಒಬ್ಬರಾದರೂ, ಒಂದೇ ಒಂದು ಸಲ, ಎದ್ದು ಬಂದಿದ್ದರೆ ಸಾಕಿತ್ತು.