ಲೈವ್ ಕಾಣದ ಹೊತ್ತು

ಅಗರ,
೧೧ ಫೆಬ್ರವರಿ ೨೦೨೫

ಪ್ರೀತಿಯ ದೀಪಾ,

ಇಲ್ಲಿ ಎಲ್ಲರೂ ಕ್ಷೇಮ ಎಂದು ಬರೆಯಹೊರಟೆ, ಕೈ ಬರಲಿಲ್ಲ. ನಿನ್ನ ಫೋನು ಎತ್ತದೆ ಇದ್ದದ್ದಕ್ಕೆ ಮೊದಲು ಕ್ಷಮಿಸು. ಹನೂರಿಗೂ ಅಗರಕ್ಕೂ ನಡುವೆ ಪತ್ರವೇ ಎಂದು ನೀನು ನಗಬಹುದು. ಏನು ಮಾಡಲಿ, ನಿನ್ನ ದನಿ ಕೇಳಿದರೆ ಅರ್ಧಕ್ಕೇ ಮಾತು ಹೊರಳಿಸಿಬಿಡುತ್ತೇನೆ. ಕೊಳ್ಳೇಗಾಲದ ಕಾಲೇಜಿನಲ್ಲಿ ಒಂದೇ ಬೆಂಚಿನಲ್ಲಿ ಕೂತವಳು, ಹಟ ಹಿಡಿದು ನನ್ನನ್ನು ನಿನ್ನ ಅಣ್ಣನಿಗೆ ತಂದುಕೊಂಡವಳು ನೀನು. "ನಮ್ಮವ್ವನ್ನ ನೀನು ಚೆನ್ನಾಗ್ ನೋಡ್ಕತೀಯ ಕಣೇ, ನಂಗೊತ್ತು" ಎಂದಿದ್ದೆ. ಆ ಅವ್ವನ ವಿಷಯವೇ ಇದು. ಬೇರೆಯವರ ಬಾಯಿಂದ ನಿನ್ನನ್ನು ತಲುಪುವ ಮೊದಲು ನಾನೇ ಹೇಳಬೇಕು.

ಸಂಕ್ರಾಂತಿ ಕಳೆದ ಮೇಲೆ ನಡುಮನೆಯಲ್ಲಿ ಕ್ಯಾಮರಾ ಹಾಕಿಸಿದೆವಲ್ಲ, ಕಳ್ಳರ ಕಾಟ ಎಂದು ಎಲ್ಲರಿಗೂ ಹೇಳಿದ್ದೆ. ನಮ್ಮ ಮನೆಯಲ್ಲಿ ಕಳ್ಳ ಹೊತ್ತೊಯ್ಯುವಂಥದ್ದು ಏನಿದೆ ಹೇಳು. ನಿಜ ಏನೆಂದರೆ, ಒಂದು ಸಂಜೆ ಮಗಳು ರಂಜುವಿನ ಹಣೆಯ ಮೇಲೆ ಬುಗುಟು ಎದ್ದಿತ್ತು. ಹೊಸಿಲು ಎಡವಿ ಬಿದ್ದಳು ಎಂದರು ಅತ್ತೆ. ನಾನು ಹೂಂ ಎಂದೆ, ನಂಬಲಿಲ್ಲ. ಮಗುವನ್ನು ತೊಟ್ಟಿಲಲ್ಲಿ ಬಿಟ್ಟು ಪಕ್ಕದ ಮನೆಯ ಜಗಲಿಗೆ ಮಾತಿಗೆ ಹೋಗುತ್ತಾರೆ ಎಂಬ ಗುಮಾನಿ ತಲೆಗೆ ಹೊಕ್ಕಿತು. ಕ್ಯಾಮರಾ ಬಂದಾಗಿನಿಂದ ಯಳಂದೂರಿನ ನಮ್ಮ ಸೊಸೈಟಿ ಆಫೀಸಿನಲ್ಲಿ ಕೂತು ಮೊಬೈಲಿನಲ್ಲಿ ಮನೆ ನೋಡುವುದೇ ಕೆಲಸವಾಯಿತು.

ಆದರೆ ದಿನಾ ಹತ್ತು ಗಂಟೆಯ ಹೊತ್ತಿಗೆ ಲೈವ್ ಕಪ್ಪಾಗುತ್ತಿತ್ತು. ಸ್ವಲ್ಪ ಹೊತ್ತು ಬರೀ ಕತ್ತಲು, ಆಮೇಲೆ ತಾನಾಗಿಯೇ ಸರಿ. ನಾನು ಮಾಡದ ರಿಪೇರಿಯಿಲ್ಲ. ವೈಫೈ ಡಬ್ಬಿಯನ್ನು ಬೀರುವಿನ ಹಿಂದಿನಿಂದ ಕಿಟಕಿಗೆ ತಂದಿಟ್ಟೆ, ಆ್ಯಪ್ ಕಿತ್ತು ಮತ್ತೆ ಹಾಕಿದೆ, ಪಾಸ್‌ವರ್ಡ್ ಮರೆತು ಹೊಸದು ಮಾಡಿದೆ, ಪಿನ್ನಿನಿಂದ ಚುಚ್ಚಿ ರೀಸೆಟ್ ಮಾಡಿದೆ. ಸಂಜೆ ನೋಡಿದರೆ ಎಲ್ಲ ಸರಿಯಾಗಿರುತ್ತಿತ್ತು. ಮಾರನೆಯ ದಿನ ಹತ್ತಕ್ಕೆ ಮತ್ತೆ ಅದೇ ಕತ್ತಲು. ಕೊನೆಗೆ ಹೋದ ಬುಧವಾರ, ಕ್ಯಾಮರಾ ಹಾಕಿಕೊಟ್ಟ ಕೊಳ್ಳೇಗಾಲದ ಗುರುಪ್ರಕಾಶನಿಗೆ ಆಫೀಸಿನಿಂದಲೇ ಫೋನ್ ಮಾಡಿ ರೇಗಿದೆ.

"ಮೇಡಂ, ಸೌಂಡ್ ಕೇಳ್ತಾ ಅದಾ?" ಎಂದ.

ಕೇಳುತ್ತಿತ್ತು. ತೊಟ್ಟಿಲು ಕಿರುಗುಟ್ಟುತ್ತಿತ್ತು.

"ಅಂಗಾರೆ ಲೈವ್ ಬತ್ತಾ ಅದೆ. ಕ್ಯಾಮರಾಕ್ಕೆ ಯಾರೋ ಏನೋ ಮುಚ್ಚವ್ರೆ, ನೋಡ್ರಿ."

ನನ್ನ ಮೂಗಿನ ತುದಿಯ ಕೋಪ ನಿನಗೆ ಗೊತ್ತೇ ಇದೆ. ಕೌಂಟರಿನ ಮುಂದೆ ಗೊಬ್ಬರಕ್ಕೆ ಬಂದವರು ನಿಂತಿದ್ದರು, ಪಕ್ಕದ ಮೇಜಿನಲ್ಲಿ ಚಿಕ್ಕಸಿದ್ದಯ್ಯನವರು ರಸೀದಿ ಬರೆಯುತ್ತಿದ್ದರು. ಯಾರನ್ನೂ ಲೆಕ್ಕಿಸದೆ, ಕ್ಯಾಮರಾದ ಮೂಲಕ ಮಾತಾಡುವ ಆ್ಯಪಿನ ಬಟನ್ ಒತ್ತಿ ಕೂಗಿಬಿಟ್ಟೆ: "ಅತ್ತೆ, ಕ್ಯಾಮರಾ ಯಾಕೆ ಮುಚ್ಚಿದ್ದೀರಾ? ನನ್ ಕಣ್ಣಿಗೆ ಮಣ್ಣೆರಚಿ ಏನ್ ಮಾಡ್ತಿದ್ದೀರಾ ಅಲ್ಲಿ?"

ಏನೋ ಟಕ್ ಎಂದು ನೆಲಕ್ಕೆ ಬಿದ್ದ ಸದ್ದು. ರಂಜು ಬೆಚ್ಚಿ ಅತ್ತಳು. ಆಮೇಲೆ ಅತ್ತೆಯ ದನಿ, "ಶಿವನೇ, ಶಿವನೇ" ಎಂದು.

ರಜೆ ಹಾಕಿ ಸಿಕ್ಕಿದ ಬಸ್ಸು ಹತ್ತಿ ಬಂದೆ. ಕ್ಯಾಮರಾದ ಮೇಲೆ ಅತ್ತೆಯ ಮಡಿ ವಸ್ತ್ರ ಹಾಗೇ ನೇತಾಡುತ್ತಿತ್ತು. ಕೆಳಗೆ ಮಣೆ, ವಿಭೂತಿ, ಚೆಲ್ಲಿದ ಬಿಲ್ವಪತ್ರೆ. ಐದು ವರ್ಷದವರಿದ್ದಾಗ ಕೊರಳಿಗೆ ಕಟ್ಟಿದ ಇಷ್ಟಲಿಂಗವನ್ನು ಸೆರಗಿನಲ್ಲಿ ಹಿಡಿದುಕೊಂಡು ಕೂತಿದ್ದರು. ಅದರ ಕಪ್ಪು ಲೇಪ ಒಂದು ಕಡೆ ಒಡೆದು ಉದುರಿತ್ತು. ಇನ್ನೊಂದು ಕೈ ತೊಟ್ಟಿಲ ಮೇಲಿತ್ತು.

"ಯಾರೋ ಗದರುದ್ರಲ್ಲ ಮಗ, ಬೆಚ್ಚಿಬಿದ್ದೆ. ಅಂಗೈಯಿಂದ ಜಾರೋಯ್ತು. ನಿನ್ ದನಿ ಅಂತ ಆಮೇಕೆ ಗೊತ್ತಾಯ್ತು" ಎಂದರು. ಒಂದು ಬೈಗುಳವಿಲ್ಲ.

ದೇವರ ಕೋಣೆಯಲ್ಲಿ ಯಾಕೆ ಮಾಡಲಿಲ್ಲ ಎಂದು ಕೇಳಿದೆ. ಅಂಥ ಹೊತ್ತಿನಲ್ಲೂ ನನಗೆ ಕೇಳಲು ಬಾಯಿತ್ತು ನೋಡು.

"ಮಗೀನ ಒಂದ್ನೇ ಬುಟ್ಟು ಒಳಗೋಗಿ ಬಾಗ್ಲಾಕ್ಕಂಡು ಕೂರಕ್ಕಾದದಾ? ಇಲ್ಲೇ ಕೂತ್ರೆ ಕಣ್ಮುಂದೆ ಇರ್ತಳೆ. ಲಿಂಗದ್ ಮ್ಯಾಲೆ ಕಂಡೋರ ಕಣ್ ಬೀಳ್ಬಾರ್ದು. ನಿನ್ನಾಪೀಸಲ್ಲಿ ನಾಕ್ ಜನ ಇರ್ತರೆ, ಅದ್ಕೇ ಮುಚ್ದೆ."

ಲಿಂಗಪೂಜೆಯಾಗದೆ ನಿನ್ನ ಅವ್ವ ನೀರು ಮುಟ್ಟುವವರಲ್ಲ. ಭಿನ್ನವಾದ ಲಿಂಗಕ್ಕೆ ಪೂಜೆಯಿಲ್ಲವಲ್ಲ, ಆವತ್ತಿಡೀ ಮುಟ್ಟಲಿಲ್ಲ. ಮಾರನೆಯ ಬೆಳಿಗ್ಗೆ ನಿನ್ನ ಅಣ್ಣ ಪ್ರಭುಸ್ವಾಮಿ ನಮ್ಮಿಬ್ಬರನ್ನೂ ಮಠಕ್ಕೆ ಕರೆದುಕೊಂಡು ಹೋದರು. ಇಷ್ಟು ಕಾಲ ಬೀಳದ್ದು ಹೇಗೆ ಬಿತ್ತು ತಾಯಿ ಎಂದು ಸ್ವಾಮಿಗಳು ಕೇಳಿದರು.

"ವಯಸ್ಸಾಯ್ತಲ್ಲ ಬುದ್ಧಿ, ಕೈ ನಡುಗ್ತದೆ" ಎಂದರು ಅತ್ತೆ.

ನಾನು ಪಕ್ಕದಲ್ಲೇ ನಿಂತಿದ್ದೆ ದೀಪಾ. ಬಾಯಿ ಬಿಡಲಿಲ್ಲ. ಸ್ವಾಮಿಗಳು ಹಳೆಯ ಲಿಂಗವನ್ನು ತೆಗೆದುಕೊಂಡು ಹೊಸದನ್ನು ತರಲು ಒಳಗೆ ಹೋದರು. ಅವರು ಬರುವವರೆಗೂ ಅತ್ತೆಯ ಅಂಗೈ ತೆರೆದೇ ಇತ್ತು.

ಕ್ಯಾಮರಾ ಕಿತ್ತು ಹಾಕಿಸೋಣ ಎಂದೆ. "ಇರ್ಲಿ ಬುಡವ್ವ, ನಿಂಗೆ ಧೈರ್ಯವಾಗ್ಲಿ" ಎಂದು ಅವರೇ ಬಿಡಲಿಲ್ಲ. ನಾನಂತೂ ಇನ್ನು ಅದನ್ನು ತೆರೆದು ನೋಡುವುದಿಲ್ಲ ಎಂದು ಮನಸ್ಸು ಮಾಡಿದ್ದೇನೆ.

ನೀನೊಮ್ಮೆ ಬಾ. ಬಂದು ಎಷ್ಟು ಬೇಕಾದರೂ ಬಯ್ಯಿ, ಅವ್ವನ ಮುಂದೆ ಮಾತ್ರ ಬೇಡ, ಅವರು ಮತ್ತೆ ನನ್ನ ಪರ ಮಾತಾಡುತ್ತಾರೆ, ಅದನ್ನು ತಡೆದುಕೊಳ್ಳಲಾರೆ. ನಿನ್ನ ಯಜಮಾನರಿಗೆ ನಮಸ್ಕಾರ ತಿಳಿಸು. ನಿನ್ನ ಪುಟ್ಟನಿಗೆ ಶಿವ ಆಯಸ್ಸು ಆರೋಗ್ಯ ಕೊಡಲಿ.

ನಿನ್ನವಳು ಎಂದು ಬರೆಯಲು ಇನ್ನೂ ಬಿಡುವೆಯಾದರೆ, ನಿನ್ನ
ನಾಗಶ್ರೀ

ಮರೆತ ಮಾತು: ಮರೆತದ್ದಲ್ಲ, ಅಡಗಿಸಲಾಗದ್ದು. ನೋಡುವುದಿಲ್ಲ ಎಂದು ಮೇಲೆ ಬರೆದೆನಲ್ಲ, ಬರೆದ ಮಾರನೆಯ ದಿನವೇ, ಇವತ್ತು, ಆಫೀಸಿನಲ್ಲಿ ಕೈ ತಡೆಯದೆ ತೆರೆದೆ. ಹತ್ತು ಗಂಟೆಯಾಗಿತ್ತು. ಕತ್ತಲಿರಲಿಲ್ಲ. ರಂಜು ತೊಟ್ಟಿಲಲ್ಲಿ ಮಲಗಿದ್ದಳು. ಕ್ಯಾಮರಾದ ಮೇಲೆ ವಸ್ತ್ರವಿರಲಿಲ್ಲ. ಅತ್ತೆ ನೇರ ಅದರ ಎದುರಿಗೇ ಮಣೆ ಹಾಕಿ ಕೂತಿದ್ದರು, ಅಂಗೈಯಲ್ಲಿ ಹೊಸ ಲಿಂಗ. ದೃಷ್ಟಿ ಲಿಂಗದ ಮೇಲೆ ನಿಲ್ಲುತ್ತಲೇ ಇರಲಿಲ್ಲ. ಕೊನೆಗೆ ತಲೆಯೆತ್ತಿ, ನಾನು ನೋಡುತ್ತಿರುತ್ತೇನೆಂದು ಗೊತ್ತಿದ್ದವರ ಹಾಗೆ ಕೇಳಿದರು: "ಈಗ ಸರ್ಯಾಗ್ ಕಾಣ್ತದಾ ಮಗ?"